ಚೆಂಡೆ ಮೂಲೆ

ಆ ಬೆಳಿಗ್ಗೆ ನಾವು ಅಂಗನವಾಡಿಯಲ್ಲಿ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದೆವು. ಗೋಡೆಯ ಹಲಗೆಯ ಮೇಲಿದ್ದ ಸ್ಟೀಲ್ ತಟ್ಟೆಗಳು ಒಮ್ಮೆಲೇ ಗಲಗಲ ಅಂದವು. ಅದರ ಹಿಂದೆಯೇ ನೆಲದ ಅಡಿಯಿಂದ ಟಿಪ್ಪರ್ ಲಾರಿ ಜಲ್ಲಿ ಸುರಿದ ಹಾಗೆ ಒಂದು ಸದ್ದು. ಸೌಟು ನಡುಗಿತೋ ನನ್ನ ಕೈ ನಡುಗಿತೋ ತಿಳಿಯಲಿಲ್ಲ. ಮಕ್ಕಳು ತಿನ್ನುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು, ನಾನು ಸಹಾಯಕಿಯ ಮುಖ ನೋಡಿದೆ, ಅವಳು ಒಲೆಯ ಮೇಲಿದ್ದ ಕುಕ್ಕರನ್ನು ನೋಡಿದಳು. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

"ಕಲ್ಲಿನ ಕೋರೆಯವರು ಇವತ್ತು ಬೆಳಗ್ಗೆಯೇ ಬಂಡೆ ಒಡೀಲಿಕ್ಕೆ ಶುರು ಮಾಡಿದ್ರಲ್ಲ," ಅಂದೆ.

ನಾನು ಹುಟ್ಟಿನಿಂದಲೇ ಸಂಶಯದವಳು. ಅಂಗನವಾಡಿಗೆ ಬರುವ ಮೊಟ್ಟೆಗಳನ್ನು ನೀರಿಗೆ ಬಿಟ್ಟು, ತೇಲಿದ್ದನ್ನು ವಾಪಸು ಕಳಿಸುತ್ತೇನೆ. ಹೆಸರುಕಾಳಿನ ಚೀಲದ ಬಾಯಿ ನೋಡಿ ನಂಬುವುದಿಲ್ಲ, ಬುಡದ ತನಕ ಕೈ ಹಾಕಿ ತೆಗೆಯುತ್ತೇನೆ. "ನೀನು ಪೊಲೀಸಿಗೆ ಸೇರ್ಬೇಕಿತ್ತು" ಎಂದು ನನ್ನ ಗಂಡ ಹೇಳುವುದುಂಟು. ಹಾಗಾಗಿ ಮಧ್ಯಾಹ್ನದ ಹೊತ್ತಿಗೆ ಎಲ್ಲರ ಮೊಬೈಲಿಗೆ "ಅದು ಭೂಕಂಪ, ಸಣ್ಣದು, ಹೆದರಬೇಡಿ" ಎಂಬ ಸುದ್ದಿ ಬಂದಾಗ ನಾನು ನಂಬಲಿಲ್ಲ. ಊರಿನಲ್ಲಿ ನಂಬಿದವರೂ ಕಡಿಮೆ. ಭೂಕಂಪ ಎಂದರೆ ಟಿ.ವಿ.ಯಲ್ಲಿ ಬರುವುದು. ಎಲ್ಲೋ ದೂರದ ಊರಿನಲ್ಲಿ ಮಹಡಿ ಮನೆಗಳು ಮಡಚಿ ಬೀಳುವುದು. ಸುಳ್ಯ, ಕಡಬದ ಗುಡ್ಡೆಗಳಿಗೂ ಅದಕ್ಕೂ ಎಂತ ಸಂಬಂಧ? ನಮ್ಮ ಗುಡ್ಡೆಯ ಆಚೆ ಕಪ್ಪುಕಲ್ಲಿನ ಕೋರೆ ಇದೆ. ಅವರೇ ಸಿಡಿಮದ್ದು ಜಾಸ್ತಿ ಇಟ್ಟು, ಯಾರನ್ನೋ ಹಿಡಿದು ಭೂಕಂಪ ಅಂತ ಹೇಳಿಸಿದ್ದಾರೆ ಎಂದು ನಾವು ತೀರ್ಮಾನ ಮಾಡಿಬಿಟ್ಟೆವು. ಕೋರೆಯ ಮ್ಯಾನೇಜರ್ ಹಾಲಿನ ಡೈರಿಗೆ ಬಂದವನು, ಆ ದಿನ ಯಂತ್ರವೇ ತಿರುಗಲಿಲ್ಲ ಎಂದು ಯಾರೂ ಕೇಳುವ ಮೊದಲೇ ಹೇಳಿದನಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ನಕ್ಕೆವು.

ನಮ್ಮ ಅಂಗನವಾಡಿ ಸುಬ್ರಹ್ಮಣ್ಯಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಇಳಿಜಾರಿನ ಅಂಚಿನಲ್ಲಿದೆ. ಒಂದೇ ಕೋಣೆ, ಹಿಂದೆ ಅಡುಗೆಗೆ ಸಣ್ಣ ಚಾವಡಿ. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಕಾವಿಯ ನೆಲ. ಜಾಗ ದಾನ ಕೊಟ್ಟದ್ದು ನನ್ನ ಮಾವ. ಬಾಗಿಲಿನ ಪಕ್ಕದಲ್ಲಿ ಅವರ ಹೆಸರು ಕೊರೆದ ಕಲ್ಲು ಇತ್ತು. ನಾನು ನರಿಮೊಗರಿನಿಂದ ಮದುವೆಯಾಗಿ ಬರುವ ಮೊದಲೇ ಅಂಗನವಾಡಿ ಅಲ್ಲಿತ್ತು, ನನಗೆ ಕೆಲಸ ಸಿಕ್ಕಿದ್ದು ಎಷ್ಟೋ ಆಮೇಲೆ. ಮಾವ ತೀರಿಕೊಂಡ ಮೇಲೂ ಅತ್ತೆ ಒಮ್ಮೊಮ್ಮೆ ಬಂದು ಸೆರಗಿನ ತುದಿಯಿಂದ ಆ ಕಲ್ಲನ್ನು ಒರೆಸಿ ಹೋಗುತ್ತಿದ್ದರು.

ಇಳಿಜಾರಿನ ಕಡೆಯ ಮೂಲೆಗೆ ಮಕ್ಕಳು ಚೆಂಡೆ ಮೂಲೆ ಎಂದು ಹೆಸರಿಟ್ಟಿದ್ದರು. ಅಲ್ಲಿ ಕಾಲು ಬಡಿದರೆ ನೆಲ ಧಿಂ ಧಿಂ ಅನ್ನುತ್ತಿತ್ತು. ಬೇರೆ ಕಡೆ ಬಡಿದರೆ ಬರೀ ಪಟಪಟ. ಊರಿನಲ್ಲಿ ಯಕ್ಷಗಾನ ಆದ ಮರುದಿನ ಆ ಮೂಲೆಗೆ ನೂಕುನುಗ್ಗಲು, ರಾಕ್ಷಸನಿಗೂ ದೇವೇಂದ್ರನಿಗೂ ಒಂದೇ ಜಾಗ ಬೇಕು. ಅಳುವ ಮಗುವನ್ನು ಸಮಾಧಾನ ಮಾಡಬೇಕಾದರೆ ನಾನೇ "ಹೋಗು, ಚೆಂಡೆ ಬಡಿ" ಎಂದು ಅಲ್ಲಿಗೆ ಕಳಿಸುತ್ತಿದ್ದೆ. ಚೀಲದ ಬುಡಕ್ಕೆ ಕೈ ಹಾಕಿ ನೋಡುವ ನಾನು, ಆ ನೆಲ ಹಾಗೆ ಯಾಕೆ ಸದ್ದು ಮಾಡುತ್ತದೆ ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ.

ನೆಲ ನಡುಗಿದ ಮರುದಿನ ಆನೆಯ ಕುತ್ತಿಗೆಯಲ್ಲಿ ಬಿರುಕು ಕಂಡಿತು. ಆನೆ ಎಂದರೆ ಗೋಡೆಯಲ್ಲಿ ಬಿಡಿಸಿದ್ದು. ಹಿಂದಿನ ವರ್ಷ ಪಂಚಾಯತಿನವರು ಗೋಡೆಗೆ ಪುಟ್ಟಿ ಬಳಿದು, ಆನೆ, ರೈಲು, ಅಕ್ಷರಗಳನ್ನೆಲ್ಲ ಬರೆಸಿದ್ದರು. ಬಿರುಕು ಕಿಟಕಿಯ ಮೇಲಿನ ಮೂಲೆಯಿಂದ ಹೊರಟು, ಕಲ್ಲಿನಿಂದ ಕಲ್ಲಿಗೆ ಮೆಟ್ಟಿಲಿಳಿದ ಹಾಗೆ ಇಳಿದು, ಚೆಂಡೆ ಮೂಲೆಯ ನೆಲ ಮುಟ್ಟಿತ್ತು.

"ಇದು ಮೊದ್ಲೇ ಇತ್ತು ಟೀಚರ್, ಪುಟ್ಟಿ ಹಾಕಿ ಮುಚ್ಚಿದ್ದು ಈಗ ಬಾಯಿ ಬಿಟ್ಟಿದೆ," ಅಂದಳು ಸಹಾಯಕಿ.

"ಇರ್ಲಿಲ್ಲ ಅಕ್ಕ. ಇದ್ದಿದ್ರೆ ನನ್ನ ಕಣ್ಣಿಗೆ ಬೀಳ್ತಿರ್ಲಿಲ್ವಾ?"

ಯಾರ ಮಾತು ನಿಜ ಎಂದು ಹೇಳುವವರು ಯಾರೂ ಇರಲಿಲ್ಲ. ಬಣ್ಣ ಬಳಿಯುವ ಮೊದಲು ಗೋಡೆ ಸರಿಯಾಗಿ ಕಾಣುವ ಒಂದು ಫೋಟೋ ಕೂಡ ನಮ್ಮಲ್ಲಿರಲಿಲ್ಲ. ಇದ್ದ ಫೋಟೋಗಳಲ್ಲೆಲ್ಲ ಮಕ್ಕಳು ಅಡ್ಡ ನಿಂತಿದ್ದರು.

ಸುದ್ದಿ ತಿಳಿದು ನಮ್ಮ ವಾರ್ಡಿನ ಪಂಚಾಯತ್ ಸದಸ್ಯರು ಬಂದರು. ಬಿರುಕಿನಲ್ಲಿ ಉಗುರು ತೂರಿಸಿ ನೋಡಿದರು. "ಟೀಚರೇ, ಇದೆಂತ ದೊಡ್ಡ ವಿಷಯ ಅಲ್ಲ. ಒಂದು ಚಟ್ಟಿ ಸಿಮೆಂಟಿನ ಕೆಲಸ," ಅಂದರು. ಮಕ್ಕಳನ್ನು ಬೇರೆ ಕಡೆ ಕೂರಿಸಬಹುದೇ ಎಂದು ನಾನು ಕೇಳಿದಾಗ ಅವರ ಮುಖದಲ್ಲಿ ಒಂದು ನಗು ಬಂತು. "ಬೇರೆ ಕಡೆ ಅಂದ್ರೆ? ನಿಮ್ಮ ಅಂಗಳ ದೊಡ್ಡದುಂಟಲ್ಲ. ಬಾಡಿಗೆಯೂ ಬರ್ತದೆ, ನಿಮಗೆ ನಡೀಲಿಕ್ಕೂ ಇಲ್ಲ."

ನನಗೆ ಮೈಯೆಲ್ಲ ಉರಿಯಿತು. ನನ್ನ ಮನೆಗೂ ಅಂಗನವಾಡಿಗೂ ನಡುವೆ ಇರುವುದು ಒಂದು ಬೇಲಿ. ಅಷ್ಟು ನಡಿಗೆ ಉಳಿಸಲಿಕ್ಕೆ ನಾನು ಗೋಡೆಗೆ ಬಿರುಕು ಹುಟ್ಟಿಸುವುದೇ? ಆದರೆ ಆ ಮಾತು ಅವರೊಬ್ಬರ ಬಾಯಲ್ಲಿ ನಿಲ್ಲಲಿಲ್ಲ. ಹಾಲಿನ ಡೈರಿಯಲ್ಲಿ ನಾನು ಕ್ಯಾನು ಇಟ್ಟ ಕೂಡಲೇ ಮಾತು ನಿಲ್ಲತೊಡಗಿತು.

ಅಂಗನವಾಡಿ ಮೇಲ್ವಿಚಾರಕಿ ಮೇಡಂಗೆ ಫೋನು ಮಾಡಿದೆ. ಇಂಜಿನಿಯರ್ ಬರೆದು ಕೊಡದೆ ಮಕ್ಕಳನ್ನು ಬೇರೆ ಕಡೆ ಕೂರಿಸುವ ಹಾಗಿಲ್ಲ ಎಂದರು. ಪಂಚಾಯತಿನ ಇಂಜಿನಿಯರ್ ಬಂದರು, ಮೀಸೆ ಸರಿಯಾಗಿ ಮೂಡದ ಹುಡುಗ. ಬಿರುಕಿನ ಅಗಲ ಅಳೆದರು, ಹೊರಗಿನಿಂದಲೂ ನೋಡಿದರು. ಆಮೇಲೆ ಚೀಲದಿಂದ ಉದ್ದದ ಸಣ್ಣ ಗಾಜಿನ ತುಂಡೊಂದನ್ನು ತೆಗೆದು, ಬಿರುಕಿಗೆ ಅಡ್ಡವಾಗಿ ಇಟ್ಟು, ಎರಡು ತುದಿಗೂ ಸಿಮೆಂಟು ಮೆತ್ತಿ ಅಂಟಿಸಿದರು.

"ಗೋಡೆ ಇನ್ನೂ ಸರಿತಾ ಉಂಟಾದ್ರೆ ಈ ಗಾಜು ತುಂಡಾಗ್ತದೆ ಟೀಚರ್. ತುಂಡಾಗದಿದ್ರೆ ಬಿರುಕು ನಿಂತಿದೆ ಅಂತ. ಮಕ್ಕಳು ಮುಟ್ಟದ ಹಾಗೆ ನೋಡ್ಕೊಳ್ಳಿ."

ಕ್ರಮ ನನಗೆ ಇಷ್ಟವಾಯಿತು, ಅದು ನನ್ನ ಮೊಟ್ಟೆ ಪರೀಕ್ಷೆಯ ಜಾತಿಯದ್ದೇ. ಆದರೆ ಅದೇ ಸಂಜೆ ಬಸ್ಸಿನಲ್ಲಿ ಪೇಟೆಗೆ ಹೋಗುವಾಗ ಅವರ ಬೈಕು ಕೋರೆಯ ಆಫೀಸಿನ ಎದುರು ನಿಂತಿದ್ದು ಕಂಡಿತು. ಅವರು ಒಳಗೆ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಆಯಿತು, ಇವರೂ ಅವರ ಪೈಕಿಯೇ ಎಂದುಕೊಂಡೆ.

ಗಾಜು ಕೆಲವೇ ದಿನಗಳಲ್ಲಿ ತುಂಡಾಯಿತು. ಆ ನಡುವೆ ನೆಲ ನಡುಗಿರಲಿಲ್ಲ, ಕೋರೆಯ ಸದ್ದೂ ಕೇಳಿರಲಿಲ್ಲ. ಬೆಳಿಗ್ಗೆ ಬೀಗ ತೆಗೆದು ಒಳಗೆ ಹೋದರೆ ನಡುವಿನಲ್ಲಿ ಸೀಳು. ನಾನು ಫೋಟೋ ತೆಗೆದು ಇಂಜಿನಿಯರಿಗೆ ಕಳಿಸಿದೆ. ಅವರು ಸದಸ್ಯರನ್ನು ಕರೆದುಕೊಂಡೇ ಬಂದರು.

"ಯಾರಾದ್ರೂ ಮುಟ್ಟಿದ್ರಾ ಟೀಚರ್?"

"ಬೀಗ ಹಾಕಿದ ಕೋಣೆಯಲ್ಲಿ ಯಾರು ಸಾರ್ ಮುಟ್ಟುದು?"

"ಬೀಗದ ಕೈ ಯಾರತ್ರ ಇರುದು?" ಎಂದು ಕೇಳಿದವರು ಸದಸ್ಯರು. ಅವರಿಗೆ ಉತ್ತರ ಗೊತ್ತಿತ್ತು. ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು.

ಇಂಜಿನಿಯರ್ ಎರಡನೆಯ ಗಾಜನ್ನು ಸ್ಟೂಲು ಹತ್ತಿ ಕಿಟಕಿಯ ಪಕ್ಕದಲ್ಲಿ, ಬಿರುಕು ಶುರುವಾಗುವ ಜಾಗದಲ್ಲಿ ಅಂಟಿಸಿದರು. ಮಕ್ಕಳ ಕೈಗೆ ಎಟುಕದ ಎತ್ತರ. ನನ್ನ ಕೈಗೂ ಎಟುಕದ ಎತ್ತರ ಎಂದು ನಾನು ಲೆಕ್ಕ ಹಾಕಿಕೊಂಡೆ. ಹೋಗುವಾಗ ಬೀಗದ ಕೈಯನ್ನು ಸಹಾಯಕಿಯ ಹತ್ತಿರ ಇಟ್ಟರೆ ಒಳ್ಳೆಯದು ಎಂದು ಸದಸ್ಯರು ಸೂಚಿಸಿದರು. ಕೊಟ್ಟೆ. ಅಷ್ಟು ವರ್ಷ ಒಂದೇ ಪಾತ್ರೆಯಿಂದ ಊಟ ಮಾಡಿದ ನಾವಿಬ್ಬರು ಆ ದಿನ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಲಿಲ್ಲ.

ಅವರು ನನ್ನನ್ನು ನಂಬದಿದ್ದರೆ ನಾನು ಅವರನ್ನು ಯಾಕೆ ನಂಬಬೇಕು? ಕರಕುಶಲಕ್ಕೆ ಇಟ್ಟಿದ್ದ ತೆಳು ಕಾಗದವನ್ನು ಪಟ್ಟಿಯಾಗಿ ಕತ್ತರಿಸಿ, ಮೈದಾ ಅಂಟು ಕಾಯಿಸಿ, ಬಿರುಕಿನ ಕೆಳಭಾಗಕ್ಕೆ ಅಡ್ಡಡ್ಡವಾಗಿ ಅಂಟಿಸಿದೆ. ಪ್ರತಿ ಪಟ್ಟಿಯ ಮೇಲೆ ಪೆನ್ನಿನಲ್ಲಿ ಗುರುತು ಹಾಕಿದೆ. ಯಾರಿಗೂ ಕಾಣದ ಹಾಗೆ ಅದರ ಮೇಲೆ ಹಣ್ಣುಗಳ ಚಾರ್ಟು ತೂಗುಹಾಕಿದೆ.

ಎರಡು ದಿನ ಕಳೆದ ಮೇಲೆ ಸಹಾಯಕಿ ಪಾತ್ರೆ ತೊಳೆಯುತ್ತಾ, ತಲೆ ಎತ್ತದೆ ಕೇಳಿದಳು. "ಟೀಚರ್, ಬೇಜಾರು ಮಾಡ್ಬೇಡಿ. ಚಾರ್ಟಿನ ಹಿಂದೆ ಅಂಟಿಸಿದ್ದು ಎಂತದು? ಮಂತ್ರವಾದಿಯ ಯಂತ್ರದ ಹಾಗೆ ಗೀಟು ಎಲ್ಲ ಉಂಟು."

ಮಾಟ ಎಂದುಕೊಂಡಿದ್ದಳು ಮಾರಾಯ್ತಿ! ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ವಿಷಯ ಬಿಡಿಸಿ ಹೇಳಿದೆ. ಅವಳ ಮುಖ ಸಣ್ಣದಾಯಿತು. "ನಾನು ಹೆದರಿ ನಿಮ್ಮ ಅತ್ತೆಗೆ ಹೇಳಿಬಿಟ್ಟೆ. ಟೀಚರ್ ಬಿರುಕಿಗೆ ಎಂತದೋ ಅಂಟಿಸಿದ್ದಾರೆ ಅಂತ."

"ಅತ್ತೆ ಎಂತ ಹೇಳಿದ್ರು?"

"ಎಂತದೂ ಹೇಳ್ಲಿಲ್ಲ. ಯಾವ ಮೂಲೆಯಲ್ಲಿ ಅಂತ ಕೇಳಿದ್ರು, ಅಷ್ಟೇ."

ಆ ಮಾತು ನನ್ನ ಕಿವಿಯ ಮೇಲೆ ಬಿದ್ದು ಹಾಗೇ ಹೋಯಿತು.

ಇಷ್ಟರ ನಡುವೆ ಮಕ್ಕಳಿಗೆ ಓಡುವ ಅಭ್ಯಾಸ ಮಾಡಿಸತೊಡಗಿದ್ದೆ. ಹೆದರಿಸಬಾರದೆಂದು ಅದಕ್ಕೆ ರೈಲಾಟ ಎಂದು ಹೆಸರು. ನಾನು ತಟ್ಟೆ ಬಡಿದ ಕೂಡಲೇ ಒಬ್ಬರ ಅಂಗಿ ಒಬ್ಬರು ಹಿಡಿದು, ಕೂ ಎನ್ನುತ್ತಾ ಬಾಗಿಲಿನಿಂದ ಹೊರಟು ಅಂಗಳದ ಆಚೆಯ ನೇರಳೆ ಮರದ ಹತ್ತಿರ ನಿಲ್ಲುವುದು. ಕೋಣೆಯ ಒಳಗೆ ಚೆನ್ನಾಗಿಯೇ ಕಲಿತರು. ಮಳೆ ಇದ್ದ ಕಾರಣ ಹೊರಗೆ ಹೆಚ್ಚು ಕಳಿಸಲಿಲ್ಲ, ಬಾಗಿಲ ತನಕ ಮಾಡಿಸಿ ನಿಲ್ಲಿಸುತ್ತಿದ್ದೆ.

ಎರಡನೆಯ ಸಲ ನಡುಗಿದಾಗ ಮಕ್ಕಳು ಹಾಡು ಹೇಳುತ್ತಿದ್ದರು. ಈ ಸಲ ಸದ್ದು ಮೊದಲು ಬಂತು, ಆಮೇಲೆ ನೆಲ. ಪಾದದ ಅಡಿಯಲ್ಲಿ ಏನೋ ಹೊರಳಿದ ಹಾಗಾಯಿತು. ಮಾಡಿನ ಎರಡು ಹಂಚು ಜಾರಿ ಹೊರಗೆ ಬಿದ್ದವು. ನಾನು ತಟ್ಟೆ ಬಡಿದೆ. ಮಕ್ಕಳು ಚಂದಕ್ಕೆ ರೈಲು ಕಟ್ಟಿಕೊಂಡು ಹೊರಟರು. ಬಾಗಿಲಿಗೆ ಮುಟ್ಟಿದ ರೈಲು ಅಲ್ಲೇ ನಿಂತಿತು.

ಮುಂದಿನ ಮಗು ಕುಕ್ಕರುಗಾಲಲ್ಲಿ ಕೂತು ಚಪ್ಪಲಿ ಹಾಕಿಕೊಳ್ಳುತ್ತಿತ್ತು! ಅದರ ಹಿಂದಿನದು ತನ್ನ ಚಪ್ಪಲಿ ಹುಡುಕುತ್ತಿತ್ತು. ಬರಿಗಾಲಲ್ಲಿ ಹೋದರೆ ಕಾಲಿನಿಂದ ಹೊಟ್ಟೆಗೆ ಹುಳ ಹತ್ತುತ್ತದೆ, ಚಪ್ಪಲಿ ಇಲ್ಲದೆ ಅಂಗಳಕ್ಕೆ ಕಾಲಿಡಬಾರದು ಎಂದು ದಿನಾ ಬೆಳಿಗ್ಗೆ ಹೇಳಿ ಹೇಳಿ ಕಲಿಸಿದವಳು ನಾನೇ. ಎಡದ ಚಪ್ಪಲಿ ಬಲಕ್ಕೆ ಹಾಕಿದರೆ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದೆ. ಈಗ ಮಗು ಅದನ್ನೂ ಸರಿಮಾಡುತ್ತಾ ಕೂತಿತ್ತು. ಸಹಾಯಕಿ ಹಾರಿ ಹೊರಗೆ ನಿಂತಳು, ನಾನು ಒಳಗಿನಿಂದ ಒಂದೊಂದನ್ನೇ ಎತ್ತಿ ಅವಳ ಕೈಗೆ ಎಸೆದ ಹಾಗೆ ಕೊಟ್ಟೆ. ಚಪ್ಪಲಿಗಾಗಿ ಅತ್ತವು ಕೆಲವು. ನಾವು ಹೊರಗೆ ಮುಟ್ಟುವಾಗ ನಡುಕ ಯಾವಾಗಲೋ ನಿಂತಿತ್ತು. ಗೋಡೆ ಬೀಳುವುದಿದ್ದರೆ ಬಿದ್ದಾಗಿರುತ್ತಿತ್ತು. ನೇರಳೆ ಮರದ ಅಡಿಯಲ್ಲಿ ನಾನು ಕಾಲು ಚಾಚಿ ಕೂತುಬಿಟ್ಟೆ. ಎದೆ ಎಷ್ಟು ಹೊಡೆದುಕೊಳ್ಳುತ್ತಿತ್ತೆಂದರೆ ಮಡಿಲಿನಲ್ಲಿದ್ದ ಮಗು ತಲೆ ಎತ್ತಿ ನೋಡಿತು.

ಇಂಜಿನಿಯರ್ ಅದೇ ಮಧ್ಯಾಹ್ನ ಸದಸ್ಯರ ಜೊತೆ ಬಂದರು. ಮೇಲಿನ ಗಾಜು ತುಂಡಾಗಿರಲಿಲ್ಲ. ಸದಸ್ಯರು ಅದನ್ನು ಬೆರಳಿನಲ್ಲಿ ತೋರಿಸಿ ನನ್ನನ್ನೇ ನೋಡಿದರು. "ಕೈಗೆ ಎಟುಕದ ಗಾಜು ಹೇಗೆ ಗಟ್ಟಿ ಉಂಟು ನೋಡಿ!"

ಅವರು ಹೋದ ಮೇಲೆ ಚಾರ್ಟು ಎತ್ತಿ ನೋಡಿದೆ. ಕೆಳಗಿನ ನನ್ನ ಕಾಗದದ ಪಟ್ಟಿಗಳು ಒಂದೂ ಬಿಡದೆ ಹರಿದಿದ್ದವು. ನೆಲದ ಹತ್ತಿರದ್ದು ಹೆಚ್ಚು ಅಗಲಕ್ಕೆ, ಮೇಲೆ ಮೇಲೆ ಹೋದ ಹಾಗೆ ಕಡಿಮೆ. ಗೋಡೆಯ ಬುಡ ಇಳಿಯುತ್ತಿದೆ, ಗಾಜು ಇರುವುದು ಬುಡದಿಂದ ದೂರದಲ್ಲಿ ಎಂದು ನನಗೆ ಅರ್ಥವಾಯಿತು. ಆದರೆ ಯಾರಿಗೆ ತೋರಿಸುವುದು? ನಾನೇ ಕತ್ತರಿಸಿ, ನಾನೇ ಅಂಟಿಸಿ, ನಾನೇ ಮುಚ್ಚಿಟ್ಟ ಕಾಗದ. ಹರಿದದ್ದೂ ನಾನೇ ಎನ್ನುತ್ತಾರೆ. ಅವರ ಜಾಗದಲ್ಲಿ ನಾನಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ.

ಮರುದಿನ ಮಕ್ಕಳು ಬಂದರು. ಅದೇ ಕೋಣೆಯಲ್ಲಿ ಕೂರಿಸಬೇಕೆಂದು ಮೇಡಂ ಹೇಳಿಯಾಗಿತ್ತು. ಎಲ್ಲರನ್ನೂ ಬಾಗಿಲಿನ ಕಡೆಗೆ ಒತ್ತಿ ಕೂರಿಸಿದೆ. ಆದರೂ ನಾಲ್ಕು ವರ್ಷದ ಒಂದು ಹುಡುಗಿ ನನ್ನ ಕಣ್ಣು ತಪ್ಪಿಸಿ ಆ ಮೂಲೆಗೆ ಹೋಗಿ ಎರಡು ಕುಣಿತ ಕುಣಿದಳು. ನಿಂತಳು. ಮತ್ತೆ ಕಾಲು ಬಡಿದಳು. ಆಮೇಲೆ ನನ್ನ ಹತ್ತಿರ ಬಂದು ದೂರು ಹೇಳಿದಳು.

"ಟೀಚರ್, ಚೆಂಡೆ ಹಾಳಾಗಿದೆ."

ನಾನು ಹೋಗಿ ಹಿಮ್ಮಡಿ ಬಡಿದೆ. ಧಿಂ ಎನ್ನಲಿಲ್ಲ. ಧಪ್ ಎಂದಿತು, ಪಾತ್ರೆಯ ಮೇಲೆ ಸರಿಯಾಗಿ ಕೂರದ ಮುಚ್ಚಳ ಬಡಿದ ಹಾಗೆ. ಮಗುವನ್ನು ಎತ್ತಿ ಸಹಾಯಕಿಯ ಕೈಗೆ ಕೊಟ್ಟು, ಅಡುಗೆಯ ಕಡೆಯಿಂದ ಒನಕೆ ತಂದೆ. ಬಾಗಿಲಿನಿಂದ ಶುರುಮಾಡಿ ನೆಲವನ್ನು ಕುಟ್ಟುತ್ತಾ ಹೋದೆ. ಗಟ್ಟಿ, ಗಟ್ಟಿ, ಗಟ್ಟಿ. ಮೂಲೆಯ ಹತ್ತಿರ ಸದ್ದು ಬದಲಾಯಿತು. ಗೋಡೆಗೂ ನೆಲಕ್ಕೂ ನಡುವೆ ಬೆರಳು ಹೋಗುವಷ್ಟು ಸಂದು ಬಿಟ್ಟಿತ್ತು. ಅದಕ್ಕೆ ಒಂದು ಚೊಂಬು ನೀರು ಹೊಯ್ದೆ, ನಿಲ್ಲಲಿಲ್ಲ. ಒಂದು ಕೊಡಪಾನ ಹೊಯ್ದೆ, ಅದೂ ಹೋಯಿತು. ಎಲ್ಲೋ ಕೆಳಗೆ ಬಿದ್ದ ಸದ್ದು ಮಾತ್ರ ಸಣ್ಣಗೆ ಕೇಳಿತು.

"ಅಕ್ಕ, ಮಕ್ಕಳನ್ನು ಹೊರಡಿಸು. ಚಪ್ಪಲಿ ಬೇಡ."

"ಮೇಡಂ ಬೈತಾರೆ ಟೀಚರ್."

"ಬೈಲಿ. ಬೈದ್ರೆ ನನಗೆ ಬೈತಾರೆ."

ಎಲ್ಲಿಗೆ ಹೋಗುವುದು ಎಂಬುದು ಪ್ರಶ್ನೆ. ಬೇಲಿ ದಾಟಿದರೆ ನನ್ನ ಮನೆ. ಅಲ್ಲಿಗೆ ಕರೆದುಕೊಂಡು ಹೋದರೆ ಸದಸ್ಯರ ಮಾತು ನಿಜವಾಗುತ್ತಿತ್ತು. ಆದ್ದರಿಂದ ರಸ್ತೆ ದಾಟಿ ರಬ್ಬರ್ ತೋಟದ ಚೇಟನ ಮನೆಗೆ ನಡೆಸಿದೆ. ಅವರ ತಂದೆಯ ಕಾಲದಲ್ಲಿ ಕೇರಳದಿಂದ ಬಂದ ಮನೆಯವರು, ಅಣ್ಣನಿಗೆ ಮಲಯಾಳದಲ್ಲಿ ಚೇಟ ಎನ್ನುವುದು. ಅವರ ಮೊಮ್ಮಗಳೂ ನಮ್ಮ ರೈಲಿನಲ್ಲಿದ್ದಳು. ಚೇಟ ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಡಿಶ್‌ಗಳನ್ನು ಒಂದು ಬದಿಗೆ ಸರಿಸಿ, ಶೀಟು ಒತ್ತುವ ಮೆಷಿನಿಗೆ ಗೋಣಿ ಮುಚ್ಚಿ, ಶೆಡ್ಡು ಗುಡಿಸಿಕೊಟ್ಟರು.

"ವಾಸನೆ ಸ್ವಲ್ಪ ಉಂಟು ಟೀಚರೇ. ಆದ್ರೆ ತಲೆ ಮೇಲೆ ಎಂತದೂ ಬೀಳುದಿಲ್ಲ," ಅಂದರು. ಆಮೇಲೆ ಮೆಲ್ಲಗೆ ಕೇಳಿದರು, "ನಿಮ್ಮ ಮನೆ ಹತ್ರ ಇತ್ತಲ್ಲ?"

ಅವರಿಗೂ ಸಂಶಯ. ನಾನು ಮಕ್ಕಳನ್ನು ಸಾಲಾಗಿ ಕೂರಿಸತೊಡಗಿದೆ.

ಇಂಜಿನಿಯರಿಗೆ ಫೋನಿನಲ್ಲಿ ನೀರಿನ ವಿಷಯ ಹೇಳಿದೆ. ಮಳೆಗೆ ನೆಲದ ಅಡಿಯ ಮಣ್ಣು ಸ್ವಲ್ಪ ಕೂತಿರಬಹುದು, ಆ ಮೂಲೆ ಒಡೆದು ಮಣ್ಣು ತುಂಬಿ ಕಾಂಕ್ರೀಟು ಹಾಕಿಸಿದರೆ ಸಾಕು, ವಾರದೊಳಗೆ ಮಕ್ಕಳನ್ನು ವಾಪಸು ಕೂರಿಸಬಹುದು ಎಂದರು. ಸದಸ್ಯರು ಅದಕ್ಕೆ ಆಗಲೇ ಮೇಸ್ತ್ರಿಗೆ ಹೇಳಿಯೂ ಆಗಿತ್ತು. ಮಕ್ಕಳು ಮತ್ತೆ ಅದೇ ಕೋಣೆಗೆ ಹೋಗುವುದು ಖಾತ್ರಿಯಾಯಿತು.

ಸಂಜೆ ಮನೆಗೆ ನಡೆಯುವಾಗ ನನ್ನ ತಲೆಯೊಳಗೆ ಒಂದೇ ಪ್ರಶ್ನೆ. ಅಷ್ಟು ನೀರು ಹೋದದ್ದೆಲ್ಲಿಗೆ? ಬೇಲಿಯ ತಡಮೆ ದಾಟುತ್ತಿದ್ದೆ. ಆಗ ಸಹಾಯಕಿ ಹೇಳಿದ ಮಾತು ನೆನಪಾಯಿತು. ಯಾವ ಮೂಲೆಯಲ್ಲಿ?

ಸೊಸೆ ಗೋಡೆಗೆ ಯಂತ್ರ ಅಂಟಿಸಿದ್ದಾಳೆ ಎಂದು ಯಾರಾದರೂ ಹೇಳಿದರೆ ಯಾವ ಅತ್ತೆಯಾದರೂ ಯಾಕೆ, ಎಂತದು, ಯಾರಿಗೆ ಎಂದು ಕೇಳುತ್ತಾಳೆ. ಮೂಲೆಯ ವಿಚಾರ ಕೇಳುವುದಿಲ್ಲ.

ಅತ್ತೆ ಜಗಲಿಯಲ್ಲಿ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಾ ಕೂತಿದ್ದರು. ನಾನು ಎದುರಿನಲ್ಲಿ ಕೂತು ಒಂದು ಮುಷ್ಟಿ ಬೀಜ ಎತ್ತಿಕೊಂಡೆ.

"ಅತ್ತೆ, ಅಂಗನವಾಡಿಯ ಅಡಿಯಲ್ಲಿ ಎಂತ ಉಂಟು?"

"ಎಂತ ಇರುದು? ಮಣ್ಣು."

"ಮತ್ತೆ ಯಾವ ಮೂಲೆ ಅಂತ ಯಾಕೆ ಕೇಳಿದ್ದು?"

ಅವರ ಕೈಯ ಪೀಶಕತ್ತಿ ನಿಂತಿತು. ಮಾತಾಡಿದಾಗ ನನ್ನ ಕಡೆ ನೋಡಲಿಲ್ಲ.

"ಸುರಂಗ ಉಂಟು."

ನಮ್ಮ ಕಡೆ ಬಾವಿಗೆ ನೀರು ಸಿಗದ ಜಾಗದಲ್ಲಿ ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ, ಒಬ್ಬ ಆಳು ಬಗ್ಗಿ ಹೋಗುವಷ್ಟು ಅಗಲಕ್ಕೆ ಕೊರೆದು, ಒಳಗಿನ ಒಸರು ನೀರನ್ನು ಹೊರಗೆ ಹರಿಸುವ ಕ್ರಮ ಇದೆ. ಅದಕ್ಕೆ ಸುರಂಗ ಎನ್ನುವುದು. ಮಾವನ ತಂದೆಯ ಕಾಲದಲ್ಲಿ ಕೊರೆಸಿದ್ದಂತೆ. ಮನೆಗೆ ಕೊಳವೆಬಾವಿ ಬಂದ ಮೇಲೆ ದನಕರು ನುಗ್ಗದಿರಲೆಂದು ಬಾಯಿಗೆ ಕಲ್ಲು ಒಟ್ಟಿ ಮುಚ್ಚಿದರು. ಪೊದೆ ಬೆಳೆಯಿತು, ಜನ ಮರೆತರು. ಅಂಗನವಾಡಿಗೆ ಜಾಗ ಕೇಳಿಕೊಂಡು ಬಂದಾಗ ಮಾವನಿಗೆ ಇಲ್ಲ ಎನ್ನಲು ಆಗಲಿಲ್ಲ.

"ರಸ್ತೆ ಬದಿಯ ಸಮತಟ್ಟು ಜಾಗ ಕೊಡುವ ಅಂತ ನಿನ್ನ ಮಾವ ಹೇಳಿದ್ರು. ನಾನೇ ಬೇಡ ಅಂದೆ. ಒಳ್ಳೆ ಜಾಗ ಕೊಡ್ಲಿಕ್ಕೆ ನನಗೆ ಮನಸ್ಸು ಬರ್ಲಿಲ್ಲ," ಅಂದರು ಅತ್ತೆ. "ಸುರಂಗ ಹಳೇದು, ಗಟ್ಟಿ ಉಂಟು, ಎಂತ ಆಗ್ತದೆ ಅಂತ ಎಣಿಸಿದೆವು. ದಾನ ಕೊಟ್ಟ ದನದ ಹಲ್ಲು ಯಾರು ನೋಡ್ತಾರೆ ಮಾರಾಯ್ತಿ?"

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನನ್ನ ಕಥೆ. ಕೋರೆಯವರನ್ನು, ಇಂಜಿನಿಯರನ್ನು, ಸದಸ್ಯರನ್ನು, ಪಾಪದ ಸಹಾಯಕಿಯನ್ನೂ ಬಿಡದೆ ಸಂಶಯ ಪಟ್ಟವಳು, ದಿನಾ ಒಟ್ಟಿಗೆ ಕೂತು ಉಣ್ಣುವ ಅತ್ತೆಯನ್ನು ನಂಬಿದ್ದೆ. ಸಿಟ್ಟು ಬಂತು. ಆ ಸಿಟ್ಟಿನ ಒಳಗೆ ಅಳುವೂ ಇತ್ತು. ನಾನು ಎಷ್ಟು ಮಕ್ಕಳನ್ನು ಆ ಮೂಲೆಗೆ ಕುಣಿಯಲು ಕಳಿಸಿದ್ದೆ!

ಗಂಡ ಎಲ್ಲ ಕೇಳಿಸಿಕೊಂಡು, "ಬಿಲ್ಡಿಂಗ್ ಸರಿ ಇಲ್ಲ ಅಂತ ಹೇಳು, ಸಾಕಲ್ವಾ? ಸುರಂಗದ ಸುದ್ದಿ ಯಾಕೆ? ಅಪ್ಪ ಇಲ್ಲ ಈಗ," ಅಂದರು.

"ಸರಿ ಇಲ್ಲ ಅಂತ ಇಷ್ಟು ದಿನ ಹೇಳಿದೆನಲ್ಲ, ಯಾರು ನಂಬಿದ್ರು? ನಾಡಿದ್ದು ಕಾಂಕ್ರೀಟು ಹಾಕ್ತಾರೆ. ಹಾಕಿ ಮಕ್ಕಳನ್ನು ಕೂರಿಸ್ತಾರೆ."

ಅವರು ಬೇಲಿಯ ಆಚೆ ಅಂಗನವಾಡಿಯ ಕಡೆ ನೋಡಿದರು. ಬಾಗಿಲ ಪಕ್ಕದ ಆ ಕಲ್ಲಿನ ಮೇಲೆ ಇದ್ದದ್ದು ಅವರ ಅಪ್ಪನ ಹೆಸರು. ಅವರ ನೋವು ನನಗೆ ಗೊತ್ತಾಗಲಿಲ್ಲ ಎಂದಲ್ಲ. ಆದರೂ ಫೋನು ಎತ್ತಿಕೊಂಡು ಅಂಗಳಕ್ಕೆ ಹೋಗಿ ಇಂಜಿನಿಯರಿಗೆ ಹೇಳಿದೆ. 'ನಮ್ಮ ಮನೆಯವರು ಕೊರೆಸಿದ್ದು, ನಮ್ಮ ಮನೆಯವರೇ ಮುಚ್ಚಿದ್ದು' ಎಂಬುದನ್ನೂ ಸೇರಿಸಿಯೇ ಹೇಳಿದೆ.

ಮರುದಿನ ಪೊದೆ ಸವರಿ, ಇಳಿಜಾರಿನ ಬುಡದಲ್ಲಿ ಒಟ್ಟಿದ್ದ ಕಲ್ಲುಗಳನ್ನು ತೆಗೆಸಿದರು. ಒಳಗಿನಿಂದ ತಣ್ಣನೆಯ ಗಾಳಿ ಬಂತು, ಕೆಂಪು ನೀರು ಕಾಲು ಮುಟ್ಟಿತು. ಇಂಜಿನಿಯರ್ ಸುರಂಗದ ಬಾಯಿಯಲ್ಲೇ ಬಗ್ಗಿ ನಿಂತು ಟಾರ್ಚು ಬಿಟ್ಟರು. ಸ್ವಲ್ಪ ದೂರದಲ್ಲಿ ಮಣ್ಣಿನ ರಾಶಿ, ಅದರ ಮೇಲೆ ಸುರಂಗದ ನೆತ್ತಿ ಕುಸಿದು ಸಣ್ಣ ಗುಡಿಯಷ್ಟು ಪೊಳ್ಳು. ಪೊಳ್ಳಿನ ತುದಿಯಲ್ಲಿ ಬೂದು ಬಣ್ಣದ್ದೇನೋ ಕಾಣುತ್ತಿತ್ತು.

"ಅದು ನಿಮ್ಮ ನೆಲ ಟೀಚರ್," ಅಂದರು. "ಅಡಿಯಿಂದ ಕಾಣುದು. ಮಣ್ಣೇ ಇಲ್ಲ."

ಮಕ್ಕಳಿಗೂ ಆ ಪೊಳ್ಳಿಗೂ ನಡುವೆ ಇದ್ದದ್ದು ಅಂಗೈ ದಪ್ಪದ ಕಾಂಕ್ರೀಟು. ಸಹಾಯಕಿ ಬಂದು ನನ್ನ ತೋಳು ಹಿಡಿದಳು. ಭೂಕಂಪ ಸಣ್ಣದೇ, ಗಟ್ಟಿ ನೆಲದ ಮೇಲಿನ ಗೋಡೆಗೆ ಏನೂ ಆಗುತ್ತಿರಲಿಲ್ಲ, ಇಲ್ಲಿ ಮೊದಲೇ ಸಡಿಲವಿದ್ದ ನೆತ್ತಿ ಪ್ರತಿ ನಡುಕಕ್ಕೂ, ಆಮೇಲೆ ಮಳೆಗೂ ಸ್ವಲ್ಪ ಸ್ವಲ್ಪ ಉದುರಿದೆ ಎಂದು ಇಂಜಿನಿಯರ್ ವಿವರಿಸಿದರು. ಗಾಜನ್ನು ಮೇಲೆ ಅಂಟಿಸಿದ್ದು ತಪ್ಪಾಯಿತು ಎಂದು ಅವರೇ ಹೇಳಿದರು. ಕೋರೆಗೆ ಹೋಗಿದ್ದು ಯಾವ ಯಾವ ದಿನ ಮದ್ದು ಇಟ್ಟಿದ್ದರು ಎಂದು ಕೇಳಲಿಕ್ಕಂತೆ. ಎರಡನೆಯ ನಡುಕದ ಮೇಲೆ ಮತ್ತೆ ಕೇಳಿದರಂತೆ, ನಡುಗಿದ ಆ ಎರಡು ದಿನವೂ ಇಟ್ಟಿರಲಿಲ್ಲವಂತೆ. ನಾನು ಇಂಜಿನಿಯರನ್ನು ನಂಬಿದೆ. ಕೋರೆಯವರನ್ನು ಈಗಲೂ ಪೂರ್ತಿ ನಂಬಿಲ್ಲ.

ಕೋಣೆಗೆ ಬೀಗ ಬಿತ್ತು. ಆಮೇಲೆ ಗೋಡೆಯನ್ನೂ ಕೆಡವಿದರು. ಊರಿನ ಸಂಶಯ ಮಾತ್ರ ನಿಲ್ಲಲಿಲ್ಲ, ಬರೀ ದಿಕ್ಕು ಬದಲಿಸಿತು. "ಟೀಚರಿಗೆ ಮೊದ್ಲೇ ಗೊತ್ತಿತ್ತು, ಈಗ ನಾಟಕ ಮಾಡುದು" ಎಂದು ಸದಸ್ಯರು ಹೇಳಿದ್ದು ಡೈರಿಯ ಮೂಲಕ ನನ್ನ ಕಿವಿಗೂ ಬಂತು. ಮಕ್ಕಳು ರಬ್ಬರ್ ವಾಸನೆಯ ಶೆಡ್ಡಿನಲ್ಲೇ ಮಳೆಗಾಲ ಕಳೆದರು. ತಟ್ಟೆ ಬಡಿದರೆ ಬರಿಗಾಲಲ್ಲಿ ಓಡುತ್ತಾರೆ. ಈಗ ಸುಮ್ಮನೆ ಆಡಲು ಹೋಗುವಾಗಲೂ ಚಪ್ಪಲಿ ಹಾಕುವುದಿಲ್ಲ, ಅದು ಬೇರೆ ತಲೆನೋವು.

ಅತ್ತೆ ತುಂಬ ದಿನ ಮನೆಯಿಂದ ಹೊರಗೆ ಕಾಲಿಡಲಿಲ್ಲ. ನಾವು ಬೇಕಾದ ಮಾತು ಮಾತ್ರ ಆಡುತ್ತಿದ್ದೆವು. ಮಳೆ ಕಡಿಮೆಯಾದ ಮೇಲೆ ಒಂದು ಬೆಳಿಗ್ಗೆ ಅವರು ಕೊಡೆ ಹಿಡಿದು ಅಂಗಳದಲ್ಲಿ ನಿಂತು ನನ್ನನ್ನು ಕರೆದರು. ಹಿಂದೆ ನಡೆದೆ. ರಸ್ತೆ ಬದಿಯ ಸಮತಟ್ಟು ಜಾಗಕ್ಕೆ ಹೋಗಿ ನಿಂತರು, ಅಂದು ಕೊಡಲು ಮನಸ್ಸು ಬಾರದ ಜಾಗಕ್ಕೆ.

"ಇದನ್ನು ಕೊಡುವ. ನಿನ್ನ ಗಂಡನಿಗೆ ಹೇಳಿದ್ದೇನೆ. ಈ ಸಲ ಹೆಸರಿನ ಕಲ್ಲು ಬೇಡ."

ಒಳ್ಳೆಯದಾಯಿತು ಅತ್ತೆ ಎನ್ನಬೇಕೆಂದುಕೊಂಡೆ. ಆದರೂ ಬಾಯಿಗೆ ಬಂದದ್ದು ಬೇರೆಯೇ. "ಅಡಿಯಲ್ಲಿ ಎಂತ ಉಂಟು ಅತ್ತೆ?"

ಕೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಅತ್ತೆಗೆ ಸಿಟ್ಟು ಬರಲಿಲ್ಲ. ಅಲ್ಲಿದ್ದ ತೆಂಗಿನ ಮರದ ಬುಡಕ್ಕೆ ಹೋದರು. ಮರಕ್ಕೆ ಒರಗಿಸಿ ಒಂದು ಹಾರೆ ಇಟ್ಟಿತ್ತು. ನಾನು ಏಳುವ ಮೊದಲೇ ತಂದಿಟ್ಟಿರಬೇಕು. ಅದನ್ನು ಎರಡು ಕೈಯಲ್ಲಿ ಎತ್ತಿ ತಂದು ನನಗೆ ಕೊಟ್ಟರು.

"ನನ್ನನ್ನು ನಂಬಬೇಡ. ಕುತ್ತಿ ನೋಡು."

ಹಾರೆಯನ್ನು ನೆಲಕ್ಕೆ ಕುತ್ತಿದೆ. ಗಟ್ಟಿ ಮಣ್ಣು, ಕೈಗೆ ಏಟು ಬಿತ್ತು. ಅಲ್ಲಿಗೆ ಬಿಡಬಹುದಿತ್ತು. ಒಂದು ಹೆಜ್ಜೆ ಮುಂದೆ ಹೋಗಿ ಮತ್ತೆ ಕುತ್ತಿದೆ, ಮತ್ತೊಂದು ಹೆಜ್ಜೆ, ಮತ್ತೊಂದು. ಹನಿ ಬೀಳಲು ಶುರುವಾಯಿತು. ಅತ್ತೆ ಕೊಡೆಯನ್ನು ನನ್ನ ತಲೆಯ ಮೇಲೆ ಹಿಡಿದು, ಆ ಜಾಗದ ತುದಿಯ ತನಕ ನನ್ನ ಜೊತೆಗೇ ನಡೆದರು.